ಕ್ಯಾಪ್ಟನ್ ಕೋಲ್ಸ್ ಕಟ್ಟಿಸಿದ ಹಡಗು ಯಾಕೆ ಮಗುಚಿತು?

ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆಲ್ಲ ಒಂದು ವಾಕ್ಯ ಬಾಯಿಪಾಠ ಆಗಿರತ್ತೆ: ಮೆಟಾಸೆಂಟರ್ ಗುರುತ್ವ ಕೇಂದ್ರಕ್ಕಿಂತ ಮೇಲಿದ್ದರೆ ತೇಲುವ ವಸ್ತು ಸ್ಥಿರ. ಲ್ಯಾಬ್‌ನಲ್ಲಿ ತೊಟ್ಟಿಯ ನೀರಿನ ಮೇಲೆ ಒಂದು ಪುಟ್ಟ ಪಾಂಟೂನ್ ಬಿಟ್ಟು, ಅದರ ಮೇಲಿನ ತೂಕವನ್ನು ಪಕ್ಕಕ್ಕೆ ಸರಿಸಿ, ಎಷ್ಟು ಡಿಗ್ರಿ ವಾಲಿತು ಅಂತ ನೋಡಿ, ಜಿಎಂ ಲೆಕ್ಕ ಹಾಕಿ ರೆಕಾರ್ಡ್ ಬರೆದು ಮುಗಿಸುತ್ತೇವೆ. ವೈವಾದಲ್ಲೂ ಅಷ್ಟೇ ಕೇಳುತ್ತಾರೆ.

ಇದೇ ಪ್ರಯೋಗವನ್ನು 1870ರ ಜುಲೈ 29ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಒಂದು ನಿಜವಾದ ಯುದ್ಧನೌಕೆಯ ಮೇಲೆ ಮಾಡಿದರು. ಹಡಗಿನ ಹೆಸರು ಎಚ್‌ಎಂಎಸ್ ಕ್ಯಾಪ್ಟನ್. ಅದರ ಜಿಎಂ ಧನಾತ್ಮಕವೇ ಆಗಿತ್ತು. ನಮ್ಮ ಪಠ್ಯಪುಸ್ತಕದ ಪ್ರಕಾರ ಅದು ಸ್ಥಿರ. ಆದರೆ ಆರು ವಾರ ಕಳೆಯೋದರೊಳಗೆ ಆ ಹಡಗು ಸುಮಾರು 480 ಜನರ ಸಮೇತ ಮಗುಚಿ ಮುಳುಗಿತು. ಸತ್ತವರಲ್ಲಿ ಆ ಹಡಗಿನ ಕಲ್ಪನೆಗೆ ಕಾರಣನಾದ ನೌಕಾ ಅಧಿಕಾರಿಯೂ ಇದ್ದ. ಅವನೇ ಕೂಪರ್ ಫಿಪ್ಸ್ ಕೋಲ್ಸ್. ಅವನ ವೃತ್ತಿಜೀವನ ಮತ್ತು ಆ ಹಡಗಿನ ಲೆಕ್ಕ ಎರಡನ್ನೂ ಒಟ್ಟಿಗೆ ಓದಿದರೆ, ಎಂಜಿನಿಯರಿಂಗ್ ಕಲಿಯುವ ನಮಗೆ ಫಾರ್ಮುಲಾಗಿಂತ ಹೆಚ್ಚಿನದು ಸಿಗತ್ತೆ.

ಪೀಪಾಯಿ ತೆಪ್ಪದಿಂದ ಶುರು

ಕೋಲ್ಸ್ ಹುಟ್ಟಿದ್ದು 1819ರಲ್ಲಿ. ತಂದೆ ಪಾದ್ರಿ. ಹುಡುಗ ರಾಯಲ್ ನೇವಿ ಸೇರಿದಾಗ ವಯಸ್ಸು ಬರೀ ಹನ್ನೊಂದು. ಆಗಿನ ಕಾಲದಲ್ಲಿ ಅದು ವಿಶೇಷ ಅಲ್ಲ, ಹಡಗೇ ಶಾಲೆ. 1846ರಲ್ಲಿ ಲೆಫ್ಟಿನೆಂಟ್ ಆದ. ರಷ್ಯಾ ವಿರುದ್ಧದ ಕ್ರಿಮಿಯಾ ಯುದ್ಧದಲ್ಲಿ, ಸೆವಾಸ್ತೊಪೋಲ್ ಮುತ್ತಿಗೆಯ ಹೊತ್ತಿನಲ್ಲಿ ಹೆಸರು ಮಾಡಿ 1854ರಲ್ಲಿ ಕಮಾಂಡರ್ ಪದವಿಗೆ ಏರಿದ.

ಅವನ ಎಂಜಿನಿಯರ್ ಬುದ್ಧಿ ಮೊದಲು ಕಾಣಿಸಿದ್ದು 1855ರಲ್ಲಿ, ಅಜೋವ್ ಸಮುದ್ರದಲ್ಲಿ. ಅಲ್ಲಿ ನೀರು ಆಳ ಇಲ್ಲ. ದೊಡ್ಡ ಹಡಗುಗಳು ದಡದ ಹತ್ತಿರ ಹೋಗೋ ಹಾಗಿಲ್ಲ, ದೂರದಿಂದ ಹೊಡೆದರೆ ಗುಂಡು ಮುಟ್ಟೋದಿಲ್ಲ. ಕೋಲ್ಸ್ ಮತ್ತು ಜೊತೆಯವರು ಖಾಲಿ ಪೀಪಾಯಿಗಳನ್ನು ಕಟ್ಟಿ ಒಂದು ತೆಪ್ಪ ಮಾಡಿ, ಅದರ ಮೇಲೆ ಒಂದು ಭಾರಿ ಫಿರಂಗಿ ಕೂರಿಸಿದರು. ಅದಕ್ಕೆ ‘ಲೇಡಿ ನ್ಯಾನ್ಸಿ’ ಅಂತ ಹೆಸರಿಟ್ಟರು. ತೆಪ್ಪ ದಡದ ಹತ್ತಿರಕ್ಕೇ ಹೋಗಿ ಟಗನ್‌ರೋಗ್‌ನ ರಷ್ಯನ್ ಉಗ್ರಾಣಗಳ ಮೇಲೆ ದಾಳಿ ಮಾಡಿತು. ಕೋಲ್ಸ್‌ನ ಹೆಸರು ಇಂಗ್ಲೆಂಡಿನ ಪತ್ರಿಕೆಗಳಿಗೆ ಮುಟ್ಟಿತು.

ಈ ತೆಪ್ಪದಿಂದ ಅವನ ತಲೆಯಲ್ಲಿ ಎರಡು ವಿಚಾರ ಕೂತವು. ಒಂದು, ಫಿರಂಗಿ ಇರುವ ಹಡಗು ನೀರಿನಿಂದ ಹೆಚ್ಚು ಮೇಲೆ ಕಾಣಬಾರದು; ತಗ್ಗಾಗಿದ್ದರೆ ಶತ್ರುವಿಗೆ ಗುರಿ ಸಿಗೋದಿಲ್ಲ. ಎರಡು, ಫಿರಂಗಿಯನ್ನು ತಿರುಗಿಸೋದಕ್ಕೆ ಇಡೀ ಹಡಗನ್ನು ತಿರುಗಿಸೋ ಅವಶ್ಯಕತೆ ಇರಬಾರದು. ಎರಡನೇ ವಿಚಾರ ಅವನನ್ನು ಮೇಲಕ್ಕೆ ಎತ್ತಿತು. ಮೊದಲನೆಯದು ಅವನನ್ನು ಮುಳುಗಿಸಿತು.

ಸರಿಯಾಗಿದ್ದ ಐಡಿಯಾ

ಅಲ್ಲಿಯವರೆಗೆ ಯುದ್ಧನೌಕೆ ಅಂದ್ರೆ ಎರಡೂ ಪಕ್ಕದಲ್ಲಿ ಸಾಲು ಸಾಲು ಫಿರಂಗಿ. ಒಂದು ಪಕ್ಕದವು ಕೆಲಸ ಮಾಡುವಾಗ ಇನ್ನೊಂದು ಪಕ್ಕದವು ಸುಮ್ಮನೆ ಕೂತಿರುತ್ತವೆ. ಕೋಲ್ಸ್ ಹೇಳಿದ್ದು ಇಷ್ಟೇ: ಕೆಲವೇ ದೊಡ್ಡ ಫಿರಂಗಿ ಇಡಿ, ಅವನ್ನು ಕಬ್ಬಿಣದ ಕವಚ ಇರುವ ದುಂಡನೆಯ ಗೋಪುರದಲ್ಲಿ ಕೂರಿಸಿ, ಗೋಪುರವನ್ನೇ ರೋಲರ್‌ಗಳ ಮೇಲೆ ತಿರುಗಿಸಿ. ಇದನ್ನೇ ನಾವು ಈಗ ಟರೆಟ್ ಅಂತೀವಿ. 1859ರ ಮಾರ್ಚ್‌ನಲ್ಲಿ ಪೇಟೆಂಟ್ ತೆಗೆದುಕೊಂಡ. 1861ರಲ್ಲಿ ಎಚ್‌ಎಂಎಸ್ ಟ್ರಸ್ಟಿ ಅನ್ನೋ ಹಡಗಿನ ಮೇಲೆ ಒಂದು ಟರೆಟ್ ಇಟ್ಟು ಭಾರಿ ಗುಂಡುಗಳಿಂದ ಹೊಡೆದು ಪರೀಕ್ಷೆ ಮಾಡಿದರು. ಅಷ್ಟೆಲ್ಲ ಹೊಡೆತ ತಿಂದ ಮೇಲೂ ಅದು ತಿರುಗುತ್ತಿತ್ತು.

1862ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಎರಿಕ್ಸನ್ ವಿನ್ಯಾಸದ ‘ಮಾನಿಟರ್’ ಅನ್ನೋ ಟರೆಟ್ ಹಡಗು ಹ್ಯಾಂಪ್ಟನ್ ರೋಡ್ಸ್ ಕದನದಲ್ಲಿ ಹೋರಾಡಿತು. ಅದು ಕೋಲ್ಸ್‌ನದಲ್ಲ, ಆದರೆ ಟರೆಟ್ ಕೆಲಸ ಮಾಡತ್ತೆ ಅಂತ ಜಗತ್ತಿಗೇ ತೋರಿಸಿತು. ಬ್ರಿಟಿಷ್ ಅಡ್ಮಿರಾಲ್ಟಿ, ಅಂದ್ರೆ ನೌಕಾಪಡೆಯ ಆಡಳಿತ, ‘ರಾಯಲ್ ಸಾವರಿನ್’ ಅನ್ನೋ ಹಳೇ ಮರದ ಹಡಗಿನ ಮೇಲಿನ ಅಂತಸ್ತುಗಳನ್ನು ಕತ್ತರಿಸಿ ಕೋಲ್ಸ್‌ನ ಟರೆಟ್ ಕೂರಿಸಿತು. ಅದೂ ಚೆನ್ನಾಗಿಯೇ ನಡೀತು. ಆದರೆ ಅದು ದಡ ಕಾಯುವ ಹಡಗು, ಮಹಾಸಾಗರ ದಾಟುವ ಹಡಗಲ್ಲ.

ಹಾಯಿಕಂಬದ ತಲೆನೋವು

ಆಗಿನ ಸ್ಟೀಮ್ ಎಂಜಿನ್‌ಗಳು ಕಲ್ಲಿದ್ದಲನ್ನು ರಾಕ್ಷಸರ ಹಾಗೆ ತಿನ್ನುತ್ತಿದ್ದವು. ದೂರ ಹೋಗಬೇಕಾದರೆ ಹಾಯಿ ಬೇಕೇ ಬೇಕು. ಹಾಯಿ ಅಂದ್ರೆ ಎತ್ತರದ ಕಂಬಗಳು, ಕಂಬಗಳನ್ನು ಹಿಡಿದಿಡೋ ನೂರಾರು ಹಗ್ಗಗಳು. ಟರೆಟ್ ಸುತ್ತಲೂ ಗುಂಡು ಹಾರಿಸಬೇಕು, ಹಗ್ಗಗಳು ಸುತ್ತಲೂ ಅಡ್ಡ ಬರುತ್ತವೆ. ಒಂದೇ ಹಡಗಿನಲ್ಲಿ ಎರಡೂ ಬೇಕು ಅನ್ನೋದೇ ಸಮಸ್ಯೆ.

ನೌಕಾಪಡೆಯ ಮುಖ್ಯ ವಿನ್ಯಾಸಕ ಎಡ್ವರ್ಡ್ ರೀಡ್ ಇದಕ್ಕೆ ‘ಮೊನಾರ್ಕ್’ ಅನ್ನೋ ಹಡಗಿನ ಮೂಲಕ ಉತ್ತರ ಕೊಟ್ಟ. ಅದರಲ್ಲಿ ಟರೆಟ್ ಇದೆ, ಹಾಯಿಯೂ ಇದೆ, ಆದರೆ ಡೆಕ್ ನೀರಿನಿಂದ 14 ಅಡಿ ಮೇಲಿದೆ. ನೀರಿನ ಮಟ್ಟದಿಂದ ಡೆಕ್ಕಿನ ಅಂಚಿನವರೆಗಿನ ಈ ಎತ್ತರಕ್ಕೆ ಫ್ರೀಬೋರ್ಡ್ ಅಂತಾರೆ. ಈ ಪದ ನೆನಪಿಟ್ಟುಕೊಳ್ಳಿ, ಮುಂದಿನ ಕಥೆ ಪೂರ್ತಿ ಇದರದ್ದೇ.

ಕೋಲ್ಸ್‌ಗೆ ಮೊನಾರ್ಕ್ ಇಷ್ಟವಾಗಲಿಲ್ಲ. ಅಷ್ಟು ಎತ್ತರದ ಹಡಗಾದರೆ ತನ್ನ ಐಡಿಯಾಗೆ ಅರ್ಥ ಏನು ಅಂತ ಬಹಿರಂಗವಾಗಿಯೇ ಜಗಳ ಆಡಿದ. ಅಡ್ಮಿರಾಲ್ಟಿಗೆ ಸಿಟ್ಟು ಬಂದು 1866ರ ಜನವರಿಯಲ್ಲಿ ಸಲಹೆಗಾರನ ಕೆಲಸದಿಂದ ತೆಗೆಯಿತು, ಮಾರ್ಚ್‌ನಲ್ಲಿ ವಾಪಸ್ ತೆಗೆದುಕೊಂಡಿತು. ಪತ್ರಿಕೆಗಳು, ಸಂಸತ್ತಿನ ಸದಸ್ಯರು ಅವನ ಕಡೆ ನಿಂತರು. ಯುದ್ಧ ನೋಡಿದ ಅಧಿಕಾರಿ, ಹೊಸದನ್ನು ಕಂಡುಹಿಡಿದವನು, ಆಫೀಸಿನಲ್ಲಿ ಕೂತವರು ಅವನಿಗೆ ಅಡ್ಡ ಬರುತ್ತಿದ್ದಾರೆ: ಜನಕ್ಕೆ ಈ ಕಥೆ ಸುಲಭವಾಗಿ ಅರ್ಥ ಆಗತ್ತೆ. ಗುರುತ್ವ ಕೇಂದ್ರದ ಲೆಕ್ಕ ಅಷ್ಟು ಸುಲಭವಾಗಿ ಅರ್ಥ ಆಗೋದಿಲ್ಲ.

ಕೊನೆಗೆ 1866ರಲ್ಲಿ ಅಡ್ಮಿರಾಲ್ಟಿ ಮಣಿಯಿತು. ಕೋಲ್ಸ್ ತನ್ನದೇ ಕಲ್ಪನೆಯ ಹಡಗು ಕಟ್ಟಿಸಲಿ, ಬರ್ಕೆನ್‌ಹೆಡ್‌ನ ಲೇರ್ಡ್ ಕಂಪನಿ ಅದನ್ನು ಕಟ್ಟಲಿ, ಜವಾಬ್ದಾರಿ ಪೂರ್ತಿ ಅವರಿಬ್ಬರದ್ದು ಅಂತ ತೀರ್ಮಾನವಾಯಿತು. ತೂಕ ಜಾಸ್ತಿ ಆಗತ್ತೆ, ಗುರುತ್ವ ಕೇಂದ್ರ ಮೇಲೆ ಹೋಗತ್ತೆ ಅಂತ ರೀಡ್ ಆಗಲೇ ಎಚ್ಚರಿಸಿದ್ದ. ಆದರೂ ನಕ್ಷೆ ಪಾಸಾಯಿತು. ಅದರ ಮೇಲೆ ಬಿದ್ದದ್ದು ‘ಒಪ್ಪಿಗೆ ಇದೆ’ ಅನ್ನೋ ಮಾತಲ್ಲ, ‘ಆಕ್ಷೇಪ ಇಲ್ಲ’ ಅನ್ನೋ ಮಾತು.

ಎರಡು ಅಡಿ ಎಲ್ಲಿ ಹೋಯಿತು?

ಎಚ್‌ಎಂಎಸ್ ಕ್ಯಾಪ್ಟನ್‌ನ ಉದ್ದ 320 ಅಡಿ, ಅಗಲ 53 ಅಡಿ. ಎರಡು ಟರೆಟ್, ಒಂದೊಂದರಲ್ಲಿ 25 ಟನ್ ತೂಕದ ಎರಡೆರಡು ಫಿರಂಗಿ. ಹಗ್ಗಗಳು ಟರೆಟ್‌ಗೆ ಅಡ್ಡ ಬರಬಾರದು ಅಂತ ಮೂರು ಕಾಲಿನ ಕಬ್ಬಿಣದ ಹಾಯಿಕಂಬಗಳು. ಟರೆಟ್‌ಗಳ ಮೇಲೆ, ನಮ್ಮ ರೈಲ್ವೆ ಸ್ಟೇಷನ್ನಿನ ಓವರ್‌ಬ್ರಿಡ್ಜ್ ಥರ, ಹಾಯಿ ಕೆಲಸ ಮಾಡೋದಕ್ಕೆ ಇನ್ನೊಂದು ಡೆಕ್. ಇದೆಲ್ಲ ತೂಕ, ಅದೂ ಮೇಲಿನ ತೂಕ.

ವಿನ್ಯಾಸದ ಪ್ರಕಾರ ಫ್ರೀಬೋರ್ಡ್ ಸುಮಾರು 8 ಅಡಿ. ಇದೇ ಮೊನಾರ್ಕ್‌ಗೆ ಹೋಲಿಸಿದರೆ ಸ್ವಲ್ಪ ಹೆಚ್ಚು ಅರ್ಧ. ಆದರೆ ಕಟ್ಟುವಾಗ ತೂಕದ ಲೆಕ್ಕ ಯಾರೂ ಬಿಗಿಯಾಗಿ ಇಡಲಿಲ್ಲ. ಕೋಲ್ಸ್‌ಗೆ ಆರೋಗ್ಯ ಕೆಟ್ಟಿತ್ತು, ಹಡಗುಕಟ್ಟೆಗೆ ಹೋಗಿ ನಿಂತು ನೋಡಿಕೊಳ್ಳೋ ಸ್ಥಿತಿ ಇರಲಿಲ್ಲ. 1869ರ ಮಾರ್ಚ್‌ನಲ್ಲಿ ಹಡಗು ನೀರಿಗಿಳಿಯಿತು. ಕೆಲಸ ಮುಗಿಯುವ ಹೊತ್ತಿಗೆ ಅದು ಯೋಜನೆಗಿಂತ 700 ಟನ್‌ಗೂ ಹೆಚ್ಚು ಭಾರವಾಗಿತ್ತು.

ಇದರ ಪರಿಣಾಮ ಎಷ್ಟು ಅಂತ ನಾವೇ ಲೆಕ್ಕ ಹಾಕಬಹುದು. ನೀರಿನ ಮಟ್ಟದಲ್ಲಿ ಹಡಗಿನ ಆಕಾರ ಪೂರ್ತಿ ಆಯತ ಅಲ್ಲ, ಎರಡೂ ತುದಿ ಚೂಪು. ಅದಕ್ಕೆ 320 ಗುಣಿಸು 53 ಮಾಡಿ ಬಂದದ್ದರಲ್ಲಿ ಮುಕ್ಕಾಲು ಪಾಲು ಹಿಡಿಯೋಣ: ಸುಮಾರು 12,700 ಚದರ ಅಡಿ. ಸಮುದ್ರದ ನೀರು 35 ಘನ ಅಡಿಗೆ ಒಂದು ಟನ್. ಅಂದ್ರೆ ಹಡಗು ಒಂದು ಅಡಿ ಇಳಿಯಬೇಕಾದರೆ ಸುಮಾರು 360 ಟನ್ ಹೇರಬೇಕು. 700 ಟನ್ ಹೆಚ್ಚಾದರೆ? ಹತ್ತಿರ ಹತ್ತಿರ ಎರಡು ಅಡಿ. ಕೊನೆಗೆ ಅಳೆದಾಗ ಫ್ರೀಬೋರ್ಡ್ ಸಿಕ್ಕಿದ್ದು ಆರೂವರೆ ಅಡಿ ಮಾತ್ರ. ಗುರುತ್ವ ಕೇಂದ್ರವೂ ಸುಮಾರು 10 ಇಂಚು ಮೇಲೆ ಹೋಗಿತ್ತು.

ಜಿಎಂ ಹೇಳದೇ ಇರೋದು

ಈಗ ಮುಖ್ಯ ಪಾಠ. ಹಡಗು ವಾಲಿದಾಗ ಒಂದು ಪಕ್ಕ ನೀರೊಳಗೆ ಇಳಿಯತ್ತೆ, ಇನ್ನೊಂದು ಪಕ್ಕ ಮೇಲೆ ಬರತ್ತೆ. ಮುಳುಗಿದ ಭಾಗದ ಕೇಂದ್ರ ಇಳಿದ ಪಕ್ಕಕ್ಕೆ ಸರಿಯತ್ತೆ. ತೂಕ ಒಂದು ಗೆರೆಯಲ್ಲಿ ಕೆಳಗೆ, ತೇಲಿಸುವ ಬಲ ಇನ್ನೊಂದು ಗೆರೆಯಲ್ಲಿ ಮೇಲೆ. ಈ ಎರಡು ಗೆರೆಗಳ ನಡುವಿನ ಅಂತರಕ್ಕೆ ಜಿಜೆಡ್ ಅಂತಾರೆ, ಹಡಗನ್ನು ನೆಟ್ಟಗೆ ಮಾಡುವ ಸನ್ನೆ. ಕೋನ ಚಿಕ್ಕದಿದ್ದಾಗ ಜಿಜೆಡ್ ಅಂದ್ರೆ ಜಿಎಂ ಗುಣಿಸು ಸೈನ್ ಥೀಟಾ. ಲ್ಯಾಬ್‌ನಲ್ಲಿ ನಾವು ಕಲಿಯೋದು ಇಲ್ಲಿಗೆ ನಿಲ್ಲತ್ತೆ.

ಆದರೆ ಡೆಕ್ಕಿನ ಅಂಚು ನೀರೊಳಗೆ ಹೋದ ಕ್ಷಣದಿಂದ ಆಟ ಬೇರೆ. ಅದಕ್ಕಿಂತ ಹೆಚ್ಚು ವಾಲಿದರೆ ಆ ಕಡೆ ಹೊಸದಾಗಿ ಮುಳುಗೋದಕ್ಕೆ ಹಡಗಿನ ಪಕ್ಕವೇ ಉಳಿದಿಲ್ಲ. ನೀರಿನ ಮಟ್ಟದಲ್ಲಿ ಹಡಗಿನ ಅಗಲ ಕಡಿಮೆ ಆಗ್ತಾ ಹೋಗತ್ತೆ. ಬಿಎಂ ಅಂದ್ರೆ ಐ ಭಾಗಿಸು ವಿ ಅಂತ ಗೊತ್ತಲ್ವಾ? ಐ ಅಗಲದ ಘನಕ್ಕೆ ಅನುಪಾತ. ಅಗಲ ಸ್ವಲ್ಪ ಕಡಿಮೆಯಾದರೂ ಅದು ದಢಾರ್ ಅಂತ ಇಳಿಯತ್ತೆ.

ಯಾವ ಕೋನಕ್ಕೆ ಅಂಚು ಮುಳುಗತ್ತೆ? ಫ್ರೀಬೋರ್ಡನ್ನು ಅರ್ಧ ಅಗಲದಿಂದ ಭಾಗಿಸಿದರೆ ಆ ಕೋನದ ಟ್ಯಾನ್ ಸಿಗತ್ತೆ. ಕ್ಯಾಪ್ಟನ್‌ಗೆ 6.5 ಭಾಗಿಸು 26.5, ಕೋನ ಸುಮಾರು 14 ಡಿಗ್ರಿ. ಮೊನಾರ್ಕ್‌ನ ಅಗಲ 57.5 ಅಡಿ, 14 ಭಾಗಿಸು 28.75, ಕೋನ ಸುಮಾರು 26 ಡಿಗ್ರಿ. ಕ್ಯಾಲ್ಕುಲೇಟರ್ ಸಾಕು, ಸಾಫ್ಟ್‌ವೇರ್ ಬೇಡ.

ಪೋರ್ಟ್ಸ್‌ಮತ್ ಪ್ರಯೋಗದ ಅಂಕಿಗಳಿಂದ ಅಡ್ಮಿರಾಲ್ಟಿಯ ಲೆಕ್ಕಿಗರು ಪೂರ್ತಿ ರೇಖೆಯನ್ನೇ ಎಳೆದರು. ಕ್ಯಾಪ್ಟನ್‌ನ ನೆಟ್ಟಗಾಗುವ ಶಕ್ತಿ 21 ಡಿಗ್ರಿಯಲ್ಲಿ ತುದಿ ಮುಟ್ಟಿ, ಆಮೇಲೆ ಇಳಿದು, 54 ಡಿಗ್ರಿಯ ಹತ್ತಿರ ಸೊನ್ನೆ ಆಗತ್ತೆ. ಮೊನಾರ್ಕ್‌ನದ್ದು 40 ಡಿಗ್ರಿಯವರೆಗೂ ಏರ್ತಾನೇ ಇರತ್ತೆ, ತುದಿಯಲ್ಲಿ ಕ್ಯಾಪ್ಟನ್‌ನ ಎರಡು ಪಟ್ಟಿಗೂ ಹೆಚ್ಚು. ಆದರೆ ಇಬ್ಬರ ಜಿಎಂ ಹೆಚ್ಚು ಕಡಿಮೆ ಒಂದೇ! ಚಿಕ್ಕ ಅಲೆಗಳಲ್ಲಿ ಎರಡೂ ಹಡಗು ಒಂದೇ ಥರ ಗಟ್ಟಿಯಾಗಿ ನಿಲ್ಲುತ್ತವೆ. ಅದಕ್ಕೇ 1870ರ ಮೊದಲ ಯಾತ್ರೆಗಳಲ್ಲಿ ಕ್ಯಾಪ್ಟನ್ ಚೆನ್ನಾಗಿ ನಡೆದುಕೊಂಡಿತು, ಗಾಳಿ ಮಳೆಯನ್ನೂ ತಡೆಯಿತು, ಎಲ್ಲರೂ ಹೊಗಳಿದರು. ಕೋಲ್ಸ್ ಗೆದ್ದ ಅಂತಲೇ ಜನ ತಿಳಿದರು. ರೀಡ್ ಆ ಜುಲೈನಲ್ಲಿ ರಾಜೀನಾಮೆ ಕೊಟ್ಟು ಹೊರಟ.

ಇನ್ನೊಂದು ವಿಷಯ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಓದಿದ್ದೀವಿ: ಭಾರವನ್ನು ನಿಧಾನಕ್ಕೆ ಹೇರಿದರೆ ಒಂದು ಒತ್ತಡ, ಒಮ್ಮೆಲೇ ಹೇರಿದರೆ ಅದರ ಎರಡು ಪಟ್ಟು. ಹಾಯಿಗೆ ಬಡಿಯುವ ಗಾಳಿಯೂ ಹಾಗೇ. ಸಮನಾದ ಗಾಳಿ ಹಡಗನ್ನು ಒಂದು ಕೋನಕ್ಕೆ ವಾಲಿಸಿ ನಿಲ್ಲಿಸತ್ತೆ. ಅದೇ ಗಾಳಿ ತಟ್ಟನೆ ಬಡಿದರೆ ಹಡಗು ಆ ಕೋನ ದಾಟಿ ಮುಂದೆ ತೂಗಿ ಹೋಗತ್ತೆ. ಅದನ್ನು ತಡೆಯೋದು ರೇಖೆಯ ಎತ್ತರ ಅಲ್ಲ, ರೇಖೆಯ ಕೆಳಗಿನ ವಿಸ್ತೀರ್ಣ. 14 ಡಿಗ್ರಿ ವಾಲಿದ ಮೇಲೆ ಉಳಿಯುವ ಈ ಮೀಸಲು ಮೊನಾರ್ಕ್‌ಗೆ ಕ್ಯಾಪ್ಟನ್‌ಗಿಂತ ಹತ್ತು ಪಟ್ಟಿಗೂ ಹೆಚ್ಚಿತ್ತು.

ಸೆಪ್ಟೆಂಬರ್ 6ರ ರಾತ್ರಿ

ಸ್ಪೇನಿನ ವಾಯವ್ಯ ತುದಿಯ ಫಿನಿಸ್ಟರ್ ಭೂಶಿರದ ಹತ್ತಿರ ಬ್ರಿಟಿಷರ 11 ಹಡಗುಗಳ ಪಡೆ ಅಭ್ಯಾಸ ಮಾಡುತ್ತಿತ್ತು. ಕ್ಯಾಪ್ಟನ್ ಹಡಗಿನ ಮುಖ್ಯಸ್ಥ ಹ್ಯೂ ಬರ್ಗೋಯ್ನ್. ಅಜೋವ್ ಸಮುದ್ರದ ಅದೇ ಕಾರ್ಯಾಚರಣೆಯಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವನು. ಕೋಲ್ಸ್ ತನ್ನ ಹಡಗು ಹೇಗೆ ನಡೆಯತ್ತೆ ಅಂತ ನೋಡೋದಕ್ಕೆ ಹಡಗಿನಲ್ಲೇ ಇದ್ದ. ಅಡ್ಮಿರಾಲ್ಟಿಯ ಮುಖ್ಯಸ್ಥ ಸಚಿವ ಚೈಲ್ಡರ್ಸ್‌ನ ಮಗನೂ ಇದೇ ಹಡಗಿನಲ್ಲಿ ಕಿರಿಯ ಅಧಿಕಾರಿ. ಅಂದ್ರೆ ಯಾರೂ ಬೇಕಂತ ಮೋಸ ಮಾಡಿರಲಿಲ್ಲ. ಎಲ್ಲರಿಗೂ ನಂಬಿಕೆ ಇತ್ತು.

ಆ ದಿನ ಪಡೆಯ ಅಡ್ಮಿರಲ್ ಅಲೆಕ್ಸಾಂಡರ್ ಮಿಲ್ನ್ ಈ ಹಡಗನ್ನು ನೋಡೋದಕ್ಕೆ ಬಂದ. ಹಾಯಿ ಬಿಚ್ಚಿದ ಹಡಗು ವಾಲಿದಾಗ ಡೆಕ್ಕಿನ ಅಂಚು ನೀರಿಗೆ ತಾಗಿ, ಅಲೆಗಳು ಡೆಕ್ ಮೇಲೆ ಹರಿದು ಹೋಗುತ್ತಿದ್ದವು. ಇಂಥದ್ದು ತನಗೆ ಒಗ್ಗೋದಿಲ್ಲ ಅಂತ ಮಿಲ್ನ್ ಹೇಳಿದ. ಕೋಲ್ಸ್ ಅದರಿಂದ ಅಪಾಯ ಏನೂ ಇಲ್ಲ ಅಂದ. ರಾತ್ರಿ ಅಲ್ಲೇ ಉಳಿಯಿರಿ ಅಂತ ಕರೆದರೂ ಮಿಲ್ನ್ ತನ್ನ ಹಡಗಿಗೆ ವಾಪಸ್ ಹೋದ.

ಗಾಳಿ ಜೋರಾಯಿತು. ಮಧ್ಯರಾತ್ರಿ ದಾಟಿದ ಮೇಲೆ ಹಡಗು 18 ಡಿಗ್ರಿ ವಾಲಿತು. ಬರ್ಗೋಯ್ನ್ ಹಾಯಿಯ ಹಗ್ಗಗಳನ್ನು ಬಿಡಿ ಅಂತ ಆಜ್ಞೆ ಮಾಡಿದ. ಆಜ್ಞೆ ಪೂರ್ತಿಯಾಗೋ ಮೊದಲೇ ಹಡಗು ಇನ್ನೂ ವಾಲಿ, ನಿಲ್ಲದೆ, ಮಗುಚಿತು. 21 ಡಿಗ್ರಿ ದಾಟಿದ ಮೇಲೆ ಹೆಚ್ಚು ವಾಲಿದಷ್ಟೂ ನೆಟ್ಟಗಾಗುವ ಶಕ್ತಿ ಕಡಿಮೆ. ಕೆಲವೇ ನಿಮಿಷ. ಬೆಳಗ್ಗೆ ಮಿಲ್ನ್ ಎಣಿಸಿದಾಗ 11ರಲ್ಲಿ 10 ಹಡಗು ಇದ್ದವು. ಮೊನಾರ್ಕ್ ಅದೇ ರಾತ್ರಿ, ಅದೇ ಗಾಳಿಯಲ್ಲಿ ಇದ್ದು ಉಳಿಯಿತು. ಕ್ಯಾಪ್ಟನ್‌ನಿಂದ ಬದುಕಿದವರು 18 ಜನ. ಒಂದು ದೋಣಿ ಸಿಕ್ಕಿ ಹುಟ್ಟು ಹಾಕಿಕೊಂಡು ಸ್ಪೇನಿನ ದಡ ಸೇರಿದರು. ಕೋಲ್ಸ್, ಬರ್ಗೋಯ್ನ್, ಚೈಲ್ಡರ್ಸ್‌ನ ಮಗ ಯಾರೂ ಬರಲಿಲ್ಲ.

ಲೆಕ್ಕ ಇತ್ತು, ಕೈಗೆ ಸಿಗಲಿಲ್ಲ

ಕೋರ್ಟ್ ಮಾರ್ಷಲ್ ನಡೆಯಿತು. ಅದರ ತೀರ್ಪು ಹೇಳಿದ್ದು ಎರಡು ಮಾತು. ಒಂದು, ಈ ಹಡಗನ್ನು ಕಟ್ಟಿದ್ದು ಸಂಸತ್ತಿನಲ್ಲೂ ಹೊರಗೂ ವ್ಯಕ್ತವಾದ ಜನಾಭಿಪ್ರಾಯಕ್ಕೆ ಮಣಿದು, ವಿನ್ಯಾಸ ವಿಭಾಗದ ಅಭಿಪ್ರಾಯಕ್ಕೆ ವಿರುದ್ಧವಾಗಿ. ಎರಡು, ಹಡಗು ಅಂದುಕೊಂಡದ್ದಕ್ಕಿಂತ ಸುಮಾರು ಎರಡು ಅಡಿ ಆಳಕ್ಕೆ ಇಳಿದಿತ್ತು, ಅದರ ಸ್ಥಿರತೆ ಅಪಾಯಕಾರಿಯಾಗಿ ಕಡಿಮೆ ಇತ್ತು. ಇದು ಗೊತ್ತಿದ್ದರೆ, ಹಡಗನ್ನು ನಡೆಸುವ ಅಧಿಕಾರಿಗೆ ಅದನ್ನು ತಿಳಿಸಲಿಲ್ಲ ಅನ್ನೋದಕ್ಕೆ ವಿಷಾದ ಇದೆ.

ಆ ಎರಡನೇ ಮಾತು ನನ್ನನ್ನು ಬಹಳ ಕಾಡಿತು. ಆ ರಾತ್ರಿ ಬರ್ಗೋಯ್ನ್‌ಗೆ ಬೇಕಿದ್ದದ್ದು ಒಂದೇ ಸಾಲು: 14 ಡಿಗ್ರಿ ದಾಟಿದರೆ ಹಾಯಿ ಇಳಿಸು. ಆ ಸಾಲು ಬರೆಯೋದಕ್ಕೆ ಬೇಕಾದ ಅಳತೆಗಳು ಜುಲೈನಲ್ಲೇ ಸಿಕ್ಕಿದ್ದವು.

ಕೋಲ್ಸ್‌ನನ್ನು ಮೂರ್ಖ ಅನ್ನೋದು ಸುಲಭ, ಆದರೆ ಸರಿಯಲ್ಲ. ಟರೆಟ್ ವಿಷಯದಲ್ಲಿ ಅವನು ಹೇಳಿದ್ದೇ ನಿಜವಾಯಿತು. 1871ರಲ್ಲಿ ನೀರಿಗಿಳಿದ ‘ಡಿವಾಸ್ಟೇಷನ್’ ಯುದ್ಧನೌಕೆಯಲ್ಲಿ ಟರೆಟ್ ಉಳಿಯಿತು, ಹಾಯಿ ಹೋಯಿತು. ವಿನ್ಯಾಸ ರೀಡ್‌ನದ್ದು. ಕೋಲ್ಸ್ ಒಂದು ವಿಷಯದಲ್ಲಿ ಸರಿ ಇದ್ದ, ಅದರಿಂದ ಎಲ್ಲ ವಿಷಯದಲ್ಲೂ ಸರಿ ಅಂತ ಅವನೂ ನಂಬಿದ, ದೇಶವೂ ನಂಬಿತು. ತಪ್ಪು ಅಂತ ಗೊತ್ತಿದ್ದವರು ‘ಆಕ್ಷೇಪ ಇಲ್ಲ’ ಅಂತ ಬರೆದು, ಜವಾಬ್ದಾರಿಯನ್ನು ಅವನ ಹೆಗಲಿಗೆ ಹಾಕಿ ಪಕ್ಕಕ್ಕೆ ಸರಿದರು. ಜವಾಬ್ದಾರಿಯನ್ನು ಕಾಗದದಲ್ಲಿ ಬೇರೆಯವರಿಗೆ ದಾಟಿಸಬಹುದು, ಆದರೆ ಗುರುತ್ವ ಕೇಂದ್ರ ಇದ್ದಲ್ಲೇ ಇರತ್ತೆ.

ಆಮೇಲೆ ಹಡಗುಗಳ ವಿನ್ಯಾಸ ಪರಿಶೀಲಿಸೋದಕ್ಕೆ ಒಂದು ಸಮಿತಿ ಆಯಿತು. ಅದರಲ್ಲಿ ನಾವು ಥರ್ಮೋಡೈನಮಿಕ್ಸ್‌ನಲ್ಲಿ ಓದುವ ಕೆಲ್ವಿನ್, ರ‍್ಯಾಂಕಿನ್ ಇಬ್ಬರೂ ಇದ್ದರು, ಜೊತೆಗೆ ಫ್ರೌಡ್ ನಂಬರಿನ ವಿಲಿಯಂ ಫ್ರೌಡ್. ಈಗ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಸರಕು ಮತ್ತು ಪ್ರಯಾಣಿಕ ಹಡಗುಗಳಿಗೆ ಇಟ್ಟಿರುವ ನಿಯಮದಲ್ಲಿ ಜಿಎಂ ಕನಿಷ್ಠ ಎಷ್ಟಿರಬೇಕು ಅನ್ನೋದು ಒಂದು ಷರತ್ತು ಮಾತ್ರ. ರೇಖೆಯ ತುದಿ 25 ಡಿಗ್ರಿಗಿಂತ ಮೊದಲು ಬರಬಾರದು, 30 ಡಿಗ್ರಿವರೆಗಿನ ವಿಸ್ತೀರ್ಣ 0.055 ಮೀಟರ್ ರೇಡಿಯನ್‌ಗಿಂತ ಕಡಿಮೆ ಇರಬಾರದು ಅಂತಲೂ ಇದೆ. 21 ಡಿಗ್ರಿಯ ಕ್ಯಾಪ್ಟನ್ ಇವತ್ತು ಬಂದರು ಬಿಟ್ಟು ಹೊರಡೋ ಹಾಗೇ ಇಲ್ಲ.

ಮುಂದಿನ ಸಲ ಲ್ಯಾಬ್‌ನಲ್ಲಿ ಆ ಪಾಂಟೂನ್ ಸಿಕ್ಕಾಗ, ರೀಡಿಂಗ್ ಬರೆದುಕೊಂಡ ಮೇಲೆ ಅದರ ಫ್ರೀಬೋರ್ಡ್ ಒಂದು ಸಲ ಅಳೆಯಿರಿ, ಅರ್ಧ ಅಗಲದಿಂದ ಭಾಗಿಸಿ. ಪ್ರಾಜೆಕ್ಟ್ ರಿವ್ಯೂನಲ್ಲಿ ಗೆಳೆಯರ ಲೆಕ್ಕ ಸರಿ ಇಲ್ಲ ಅನ್ನಿಸಿದರೆ ‘ನನಗೇನೂ ತೊಂದರೆ ಇಲ್ಲಪ್ಪ’ ಅಂತ ಸುಮ್ಮನಾಗಬೇಡಿ, ಬಾಯಿಬಿಟ್ಟು ಹೇಳಿ. ಹೇಳಿದ್ದು, ಅದನ್ನು ಬಳಸುವವರ ಕೈಗೆ ಮುಟ್ಟಿತಾ ಅಂತಲೂ ನೋಡಿ.